ಏಳನೇ ಸ್ಥಳದ ಕಂಬ ಮತ್ತೆ ವಾಲಿತು: ಎರೆಮಣ್ಣಲ್ಲಿ ಶಿಲುಬೆ ಹಾದಿ

ಶಿಲುಬೆ ಹಾದಿಯ, ಅಂದರೆ ಯೇಸು ಶಿಲುಬೆ ಹೊತ್ತು ನಡೆದ ಪ್ರಸಂಗಗಳನ್ನು ನೆನೆಯುವ ಪ್ರಾರ್ಥನೆಯ ಹಾದಿಯ, ಏಳನೇ ಸ್ಥಳದಲ್ಲಿ ಯೇಸು ಎರಡನೇ ಸಲ ಬೀಳುತ್ತಾರೆ. ಚರ್ಚ್ ಆವರಣದಲ್ಲಿ ಆ ಸ್ಥಳವನ್ನು ಗುರುತಿಸುವ ಏಳನೇ ಕಂಬವೂ ಈ ಮಳೆಗಾಲದಲ್ಲಿ ಎರಡನೇ ಸಲ ವಾಲಿದೆ. ಬೀಳುವ ಪ್ರಸಂಗ ಮೂರು ಮತ್ತು ಒಂಬತ್ತರಲ್ಲೂ ಇದೆ, ಆದರೆ ಆ ಎರಡು ಕಂಬಗಳಿಗೆ ತೂಗುಗುಂಡು ಬಿಟ್ಟರೆ ದಾರ ಅತ್ತಿತ್ತ ಸರಿಯುವುದಿಲ್ಲ. 1731ರಲ್ಲಿ ಪೋಪ್ ಹನ್ನೆರಡನೇ ಕ್ಲೆಮೆಂಟ್ ಸ್ಥಳಗಳ ಸಂಖ್ಯೆಯನ್ನು 14 ಎಂದು ನಿಗದಿ ಮಾಡಿಬಿಟ್ಟಿದ್ದಾರೆ. ಹಾಗಾಗಿ "ಆ ಒಂದು ಕಂಬ ಬಿಟ್ಟುಬಿಡೋಣ ಬಿಡ್ರಿ" ಅನ್ನುವ ದಾರಿಯೂ ಮುಚ್ಚಿದೆ.

ನಕ್ಷೆ, ಹಾದಿಯ ಅಗಲ (1.8 ಮೀಟರ್), ಗಾಲಿಕುರ್ಚಿಗೆ 1:12 ಇಳಿಜಾರು, ಪ್ರತಿ ಸ್ಥಳದ ಮುಂದೆ ಜನ ನಿಂತು ಮೊಣಕಾಲೂರುವಷ್ಟು ಜಾಗ, ಇವೆಲ್ಲ ಯಾವ ಊರಲ್ಲಾದರೂ ಒಂದೇ. ಬೇರೆಯಾಗುವುದು ನೆಲ. ಚಿತ್ರದುರ್ಗದ ಕಡೆ ಕೆಂಪು ಗರಸಿನ ನೆಲವಿದ್ದರೆ ಎರಡಡಿ ಗುಂಡಿ ತೋಡಿ, ಕಂಬ ನಿಲ್ಲಿಸಿ, ಕೈ ತೊಳೆದುಕೊಳ್ಳಬಹುದು. ಇಲ್ಲಿ ದಾವಣಗೆರೆಯಲ್ಲಿ ಅಪ್ಪಟ ಎರೆಮಣ್ಣು. ಏಪ್ರಿಲ್‌ನಲ್ಲಿ ಬಿರುಕಿನೊಳಗೆ ಅಂಗೈ ಇಳಿಯುತ್ತದೆ, ಹರಿಹರದ ಆರೋಗ್ಯಮಾತೆ ಹಬ್ಬದ ಹೊತ್ತಿಗೆ, ಅಂದರೆ ಸೆಪ್ಟೆಂಬರ್ 8ರ ಸುಮಾರಿಗೆ, ಅದೇ ನೆಲ ನೀರು ಕುಡಿದು ಉಬ್ಬಿರುತ್ತದೆ.

ಎಷ್ಟು ಉಬ್ಬುತ್ತದೆ ಅಂತ ತಿಳಿಯಲು ಪ್ರಯೋಗಾಲಯಕ್ಕೆ ಓಡಬೇಕಿಲ್ಲ. 425 ಮೈಕ್ರಾನ್ ಜರಡಿಯಲ್ಲಿ ಇಳಿದ ಒಣ ಮಣ್ಣು 10 ಗ್ರಾಂನಂತೆ ಎರಡು ಪಾಲು. 100 ಮಿಲಿಯ ಎರಡು ಅಳತೆಜಾಡಿ. ಒಂದರಲ್ಲಿ ಸೀಮೆಎಣ್ಣೆ, ಇನ್ನೊಂದರಲ್ಲಿ ಬಟ್ಟಿ ಇಳಿಸಿದ ನೀರು. ಕಲಕಿ, ಗಾಳಿಗುಳ್ಳೆ ಬಿಡಿಸಿ, 24 ಗಂಟೆ ಬಿಡಿ. ಸೀಮೆಎಣ್ಣೆಯಲ್ಲಿ ಮಣ್ಣು ಉಬ್ಬುವುದಿಲ್ಲ, ಅದೇ ಹೋಲಿಕೆಗೆ ಆಧಾರ. ಏಳನೇ ಸ್ಥಳದ ಮಣ್ಣು ಸೀಮೆಎಣ್ಣೆಯಲ್ಲಿ 10 ಮಿಲಿಗೆ ನಿಂತರೆ ನೀರಲ್ಲಿ 19ಕ್ಕೆ ಏರಿತು. ಅಂದರೆ ಉಬ್ಬು 90 ಶೇಕಡಾ. 50 ದಾಟಿದರೆ ಮಾಮೂಲಿ ಪಾಯ ಮರೆತುಬಿಡುವುದು ಒಳ್ಳೆಯದು.

ಕಂಬ ದುರ್ಗದ ಕಡೆಯ ಬೂದು ಗ್ರಾನೈಟ್. ನೆಲದ ಮೇಲೆ 1.8 ಮೀಟರ್, 15 ಸೆಂಟಿಮೀಟರ್ ಚೌಕ, ತೂಕ ಹತ್ತಿರ ಹತ್ತಿರ 107 ಕೆಜಿ. ಇಷ್ಟು ಭಾರ ಇದೆಯಲ್ಲ, ಅಲ್ಲಾಡುತ್ತದೆಯೇ ಅಂತ ಎಲ್ಲರೂ ಕೇಳುತ್ತಾರೆ. ಎರೆಮಣ್ಣು ಒಂದಂತಸ್ತಿನ ಮನೆಯನ್ನೇ ಎತ್ತಿ ಗೋಡೆ ಸೀಳುತ್ತದೆ, 107 ಕೆಜಿ ಅದಕ್ಕೆ ಲೆಕ್ಕವೇ ಅಲ್ಲ. ಇನ್ನಷ್ಟು ಕಾಂಕ್ರೀಟ್ ಸುರಿಯುವುದೂ ವ್ಯರ್ಥ. ಗಡ್ಡೆ ದೊಡ್ಡದಾದಷ್ಟೂ ಮಣ್ಣಿಗೆ ಹಿಡಿದು ಎತ್ತಲು ಹೆಚ್ಚು ಜಾಗ ಸಿಗುತ್ತದೆ, ಅಷ್ಟೆ.

ಹಾಗಾದರೆ ಏಳೇ ಯಾಕೆ? ಪಡುವಣ ಪಕ್ಕದಲ್ಲಿ ಚಾವಣಿಯ ನೀರು ಇಳಿಯುವ ಪೈಪು, ಮೂಡಣ ಪಕ್ಕದಲ್ಲಿ ದೊಡ್ಡ ಮಳೆಮರ. ಒಂದು ಕಡೆ ನೆಲ ನೆನೆದು ಉಬ್ಬುತ್ತದೆ, ಇನ್ನೊಂದು ಕಡೆ ಬೇರು ತೇವ ಹೀರಿ ಕುಗ್ಗಿಸುತ್ತದೆ. ಕಂಬ ಮರದ ಕಡೆಗೇ ವಾಲಿದೆ. ನಾಲ್ಕೂ ಕಡೆ ಸಮನಾಗಿ ಉಬ್ಬಿದ್ದರೆ ಕಂಬ ನೇರವಾಗಿ ಮೇಲೇಳುತ್ತಿತ್ತು, ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಮರ ಕಡಿಸಿ ಅನ್ನುವ ಸಲಹೆ ತಕ್ಷಣ ಬಂತು. ಕಡಿದರೆ ಬೇರು ಒಣಗಿಸಿಟ್ಟಿದ್ದ ಮಣ್ಣು ನಿಧಾನವಾಗಿ ತೇವ ತುಂಬಿಕೊಂಡು ಆ ಬದಿ ಏಳಲು ಶುರು ಮಾಡುತ್ತದೆ, ಕಂಬ ಆಮೇಲೆ ಪಡುವಣಕ್ಕೆ ವಾಲುತ್ತದೆ. ಮೇಲಾಗಿ ಶುಭ ಶುಕ್ರವಾರದ ಬಿಸಿಲಲ್ಲಿ ನೆರಳು ಕೊಡುವುದು ಅದೊಂದೇ ಮರ.

ಮೊದಲ ಸಲ ವಾಲಿದಾಗ ಪುಸ್ತಕದ ಉಪಾಯವೇ ಆಗಿತ್ತು: 1.5 ಮೀಟರ್ ಚೌಕ, 90 ಸೆಂಟಿಮೀಟರ್ ಆಳ ಎರೆಮಣ್ಣು ತೆಗೆದು ಗರಸು ತುಂಬುವುದು. ಹಾಗಿದ್ದೂ ಮತ್ತೆ ಯಾಕೆ ವಾಲಿತು ಅಂತ ತಿಳಿದದ್ದು ಒಂದು ತೂತು ಪೈಪಿನಿಂದ. ಎರಡಿಂಚಿನ ಪಿವಿಸಿ ಪೈಪಿನ ಕೆಳಗಿನ ಅರ್ಧ ಅಡಿಗೆ ತೂತು ಕೊರೆದು, ಸೊಳ್ಳೆಪರದೆ ಸುತ್ತಿ, ತುಂಬಿದ ಗುಂಡಿಯ ತಳದವರೆಗೆ ಇಳಿಸಿ. ಮಳೆ ನಿಂತು ಸುತ್ತಲಿನ ಮೇಲ್ಮಣ್ಣು ಒಣಗಿದ ಮೇಲೂ ಪೈಪಿನೊಳಗೆ ಬಿಟ್ಟ ಕಡ್ಡಿ ಒಂದು ಗೇಣು ಒದ್ದೆಯಾಗಿಯೇ ಮೇಲೆ ಬರುತ್ತಿತ್ತು. ಗುಂಡಿ ನೀರಿನ ತೊಟ್ಟಿಯಾಗಿತ್ತು. ಸುತ್ತ ನೀರು ಬಿಡದ ಜೇಡಿ, ಒಳಗೆ ಸಡಿಲ ಕಲ್ಲುಪುಡಿ, ಜಲ್ಲಿ. ಸುತ್ತಲಿನ ನೀರೆಲ್ಲ ಅಲ್ಲಿಗೇ ಹರಿದು ನಿಂತು, ತಳದ ಎರೆಮಣ್ಣನ್ನು ಪುರಸೊತ್ತಾಗಿ ನೆನೆಸಿದೆ.

ಆಗ ಗರಸು ಅಂತ ಬಂದ ಲೋಡಿನಲ್ಲಿ ಇದ್ದದ್ದು ಕ್ರಷರ್ ಡಸ್ಟ್ ಮತ್ತು ಅರ್ಧ ಇಂಚು ಜಲ್ಲಿಗೆ ಬಳಿದ ಕೆಂಪು ಬಣ್ಣ. ಸಪ್ಲೈಯರ್ ಉತ್ತರ: "ಸಾರ್, ಕೆಂಪಗೈತಲ್ಲ!" ಅಳತೆಯೂ ಹಾಗೇ. ಟ್ರೇಲರ್ 10 ಅಡಿ ಉದ್ದ, 5 ಅಡಿ ಅಗಲ ಇದ್ದರೆ ಮಟ್ಟಸವಾಗಿ 2 ಅಡಿ ತುಂಬಿದಾಗಷ್ಟೇ 100 ಘನ ಅಡಿ, ಅಂದರೆ 100 ಸಿಎಫ್‌ಟಿ. ನಡುವೆ ಗುಡ್ಡೆ, ಮೂಲೆಯಲ್ಲಿ ಹಳ್ಳ ಇದ್ದರೆ ಇಳಿಸುವ ಮೊದಲೇ ಟೇಪ್ ಹಿಡಿಯಿರಿ.

ಬೇಕಾದದ್ದು ನೀರು ಬಸಿಯುವ ಮಣ್ಣಲ್ಲ, ಅಂಟಿದ್ದೂ ಉಬ್ಬದ ಮಣ್ಣು. ಐಐಟಿ ಬಾಂಬೆಯ ಆರ್.ಕೆ. ಕಟ್ಟಿ ಎರೆಭೂಮಿಯ ಸಮಸ್ಯೆಗೆ ತೋರಿಸಿದ ದಾರಿ ಇದೇ, ಕೊಹೆಸಿವ್ ನಾನ್-ಸ್ವೆಲಿಂಗ್ ಅಥವಾ ಸಿಎನ್‌ಎಸ್ ಪದರ ಅಂತ ಕಾಲುವೆ ಕೆಲಸದವರಿಗೆಲ್ಲ ಗೊತ್ತು. ಜೇಡಿಯ ಅಂಶ ಇರುವ ನಿಜವಾದ ಗರಸು ತಂದು, ಅದಕ್ಕೂ ಅದೇ ಜಾಡಿ ಪರೀಕ್ಷೆ ಮಾಡಿ. ಹದಕ್ಕೆ ಮುಷ್ಟಿ ಸಾಕು: ಉಂಡೆ ಕಟ್ಟಿ ಸೊಂಟದ ಎತ್ತರದಿಂದ ಬಿಟ್ಟರೆ ಎರಡು ಮೂರು ಹೋಳಾಗಬೇಕು. ಪುಡಿಯಾದರೆ ನೀರು ಕಡಿಮೆ, ಚಪ್ಪಟೆಯಾಗಿ ಕೂತರೆ ಹೆಚ್ಚು. ಸಡಿಲವಾಗಿ 15 ಸೆಂಟಿಮೀಟರ್ ಹರಡಿ, ದಿಮ್ಮಸು ಹಾಕಿ, 10-11ಕ್ಕೆ ಇಳಿದ ಮೇಲೆ ಮುಂದಿನ ಪದರ. ಇದೇ ಗುಂಡಿಗೆ ಸಡಿಲ ಗರಸು ಸುಮಾರು 2.8 ಘನ ಮೀಟರ್ ಹಿಡಿಯಿತು, ಅಂದರೆ ನಿಜವಾದ 100 ಸಿಎಫ್‌ಟಿಯ ಒಂದು ಲೋಡು.

ಅದರ ಮೇಲೆ ಅಂಚುಗಟ್ಟು: ಕಂಬದ ಸುತ್ತ 1.5 ಮೀಟರ್‌ವರೆಗೆ 250 ಮೈಕ್ರಾನ್ ಪಾಲಿಥಿನ್ ಹಾಳೆ, ಮೇಲೆ ಕಲ್ಲುಹಾಸು, ಹೊರಕ್ಕೆ 1:30 ಇಳಿಜಾರು. ಚಾವಣಿ ಪೈಪಿಗೆ ನಾಲ್ಕಿಂಚಿನ ಪಿವಿಸಿ ಜೋಡಿಸಿ 6 ಮೀಟರ್ ಆಚೆ ಚರಂಡಿಗೆ. ಕಾಗದದ ಹೂವಿನ ಡ್ರಿಪ್ ಲೈನು 3 ಮೀಟರ್ ದೂರಕ್ಕೆ. ಮರದ ಕಡೆ 1.2 ಮೀಟರ್ ಆಳದ ಕಂದಕದಲ್ಲಿ ಬೇರು ತಡೆಯಲು ಗಟ್ಟಿ ಪ್ಲಾಸ್ಟಿಕ್ಕಿನ ಎಚ್‌ಡಿಪಿಇ ಹಾಳೆ ನಿಲ್ಲಿಸಿದೆ. ಹೆಬ್ಬೇರು ಕಂಡಲ್ಲಿ ಕಂದಕವೇ ಬಳಸಿ ಹೋಗಬೇಕು, ಬೇರು ಕತ್ತರಿಸಬಾರದು.

ಇಷ್ಟೆಲ್ಲ ಆದರೂ ನೆಲ ಸ್ವಲ್ಪ ಆಡಿಯೇ ಆಡುತ್ತದೆ. 3.5 ಮೀಟರ್ ಆಳದ, ತಳದಲ್ಲಿ ಗೆಡ್ಡೆಯಂತೆ ಉಬ್ಬಿದ ಕಾಂಕ್ರೀಟ್ ಪಾಯದ ಕಂಬ, ಅಂದರೆ ಅಂಡರ್‌ರೀಮ್ ಪೈಲ್ ಹಾಕಿದರೆ ನಿಲ್ಲುತ್ತದೆ ನಿಜ, ಆದರೆ 14 ಪುಟ್ಟ ಕಂಬಗಳಿಗೆ ಅದು ದುಂದು. ಹಾಗಾಗಿ ಕಂಬವನ್ನು ತಿರುಗಿ ನೆಟ್ಟಗೆ ಮಾಡುವಂತೆಯೇ ಕೂರಿಸಲಾಗಿದೆ. 300 × 300 × 12 ಮಿಮೀ ಉಕ್ಕಿನ ತಟ್ಟೆ, ಅದಕ್ಕೆ ಬೆಸೆದ 30 ಸೆಂಟಿಮೀಟರ್ ಎತ್ತರದ ಸಾಕೆಟ್, ಕಲ್ಲು ಅದರೊಳಗೆ ಕುಗ್ಗದ ಗ್ರೌಟಿನಲ್ಲಿ. ತಟ್ಟೆಯ ಕೆಳಗೆ 16 ಮಿಮೀ ದಪ್ಪದ ನಾಲ್ಕು ಎಂ16 ಬೋಲ್ಟು, ಒಂದೊಂದಕ್ಕೂ ಕೆಳಗೊಂದು ಮೇಲೊಂದು ನಟ್ಟು. ತಟ್ಟೆಯ ಕೆಳಗಿನ 40 ಮಿಮೀ ಸಂದಿಗೆ ಗ್ರೌಟ್ ತುಂಬಬಾರದು, ಸುತ್ತ ಸಡಿಲ ಬೆಣಚುಕಲ್ಲು ಸುರಿದರೆ ಕಾಣುವುದಿಲ್ಲ. ತುದಿ 60 ಮಿಮೀ ವಾಲಿದರೆ ವಾಲು 1:30. ಬೋಲ್ಟುಗಳ ಅಂತರ 220 ಮಿಮೀ, ಹಾಗಾಗಿ ಒಂದು ಬದಿ 7.3 ಮಿಮೀ ಏಳಬೇಕು. ಎಂ16ರ ಒಂದು ಸುತ್ತಿಗೆ 2 ಮಿಮೀ, ಅಂದರೆ ಮೂರೂಮುಕ್ಕಾಲು ಸುತ್ತಿಗೆ ಸ್ವಲ್ಪ ಕಡಿಮೆ. ಎರಡು ಸ್ಪ್ಯಾನರ್, ಒಂದು ತೂಗುಗುಂಡು, ಕಂಬ ಹಿಡಿಯಲು ಇಬ್ಬರು. ಗ್ಯಾಲ್ವನೈಸ್ಡ್ ಅಂತ ಬಂದ ಮೊದಲ ಕಂತಿನ ಬೋಲ್ಟುಗಳನ್ನು ಚಾಕುವಿನಿಂದ ಕೆರೆದರೆ ಸಿಲ್ವರ್ ಪೇಂಟ್ ಎದ್ದು ಬಂತು. ವಾಪಸ್ ಹೋಗಿವೆ.

ಹಾದಿಯ ತಳಕ್ಕೆ ಮಾತ್ರ ಸುಣ್ಣ. ಇದ್ದ ಎರೆಮಣ್ಣಿನ ಮೇಲಿನ 15 ಸೆಂಟಿಮೀಟರ್‌ಗೆ ಒಣ ತೂಕದ 4 ಶೇಕಡಾ, ಅಂದರೆ ಚದರ ಮೀಟರಿಗೆ ಸುಮಾರು 8.5 ಕೆಜಿ ಅರಳಿದ ಸುಣ್ಣ. ಕಲಸಿ ಒಂದು ರಾತ್ರಿ ಬಿಟ್ಟು, ಮತ್ತೆ ಕಲಸಿ ಅದುಮಿ, ಒಂದು ವಾರ ತೇವ ಆರದಂತೆ ನೋಡಿಕೊಳ್ಳಬೇಕು. ಚೀಲ ಒಡೆದ ತಕ್ಷಣ ಒಂದು ಚಮಚಕ್ಕೆ ವಿನೆಗರ್ ಹನಿಸಿ. ಬುಸ್ಸೆಂದು ನೊರೆ ಬಂದರೆ ಅದು ಗೋದಾಮಿನಲ್ಲಿ ಗಾಳಿ ಕುಡಿದು ಸತ್ತ ಸುಣ್ಣ, ರಂಗೋಲಿಗೆ ಸರಿ. ಅಕ್ಕಿ ಗಿರಣಿಯ ಹೊಟ್ಟಿನ ಬೂದಿ ಬೆರೆಸಿದರೆ ಸುಣ್ಣ ಇನ್ನೂ ಚೆನ್ನಾಗಿ ಹಿಡಿಯುತ್ತದೆ, ಆದರೆ ಬೂದಿ ಬೂದುಬಣ್ಣದ್ದಿರಬೇಕು. ಕರಿಬೂದಿ ಅಂದರೆ ಸುಡದೆ ಉಳಿದ ಇದ್ದಿಲು.

ಕಂಬದ ತುದಿಗೆ ಸಂಪ್ರದಾಯದಂತೆ ಮರದ ಶಿಲುಬೆ. ಚಿತ್ರಫಲಕ ಆಮೇಲೆ ಬಂದರೂ ನಡೆಯುತ್ತದೆ, ಶಿಲುಬೆ ಇಲ್ಲದೆ ಆಗದು.

ಮುಂದಿನದು ಲೂರ್ದು ಮಾತೆಯ ಗವಿ, ಫೆಬ್ರವರಿ 11ರ ಹಬ್ಬಕ್ಕೆ. ಸಮಿತಿಗೆ ಅಪ್ಪಟ ದುರ್ಗದ ಬಂಡೆಯೇ ಬೇಕಂತೆ. 3 ಮೀಟರ್ ಎತ್ತರಕ್ಕೆ 6 ಘನ ಮೀಟರ್ ಕಲ್ಲು ಅಂದರೂ 16 ಟನ್, ಅದೂ ಇದೇ ಎರೆಮಣ್ಣಿನ ಮೇಲೆ. ಕೋಳಿಜಾಲರಿ ಮತ್ತು 1:2 ಗಾರೆಯ 25 ಮಿಮೀ ಫೆರೊಸಿಮೆಂಟ್ ಆದರೆ ಚದರ ಮೀಟರಿಗೆ 60 ಕೆಜಿ. 30 ಚದರ ಮೀಟರಿಗೆ 1.8 ಟನ್, ಸರಳು ಬೇರೆ. ಮುಂಭಾಗಕ್ಕೆ ನಾಲ್ಕೈದು ನಿಜವಾದ ಬಂಡೆ ಇಟ್ಟರೆ ಸಮಿತಿಯೂ ಖುಷಿ. ಬಂಡೆ ಮೇಲೆ ನೀರು ಜಿನುಗಿಸುವ ಆಸೆಗೆ ಬೋರ್‌ವೆಲ್ ನೀರು ಬಿಟ್ಟರೆ ಬೇಸಿಗೆಯೊಳಗೆ ಬಿಳಿ ಸುಣ್ಣದ ಪಟ್ಟೆ ಖಚಿತ, ಹಾಗಾಗಿ ಚಾವಣಿಯ ಮಳೆನೀರಿಗೆ ಮೊದಲು ಟ್ಯಾಂಕು. ಏಳನೇ ಸ್ಥಳದಿಂದ ಆಚೆ ಹೊರಳಿಸಿದ ಆ ನಾಲ್ಕಿಂಚಿನ ಪೈಪು ಅಲ್ಲಿಗೇ ಹೋಗಬಹುದು, ಇಳಿಜಾರು ಸಿಗುತ್ತದೆಯೇ ಅಂತ ಲೆವೆಲ್ ಟ್ಯೂಬ್ ಹಿಡಿದು ನೋಡಬೇಕು.