ಅರ್ಧಕ್ಕೇ ಬಿಟ್ಟಿದ್ದ ಆಲ್ಬಂ

ಫ್ಲೀಟ್‌ವುಡ್ ಮ್ಯಾಕ್ ಅನ್ನೋ ರಾಕ್ ಬ್ಯಾಂಡ್ ಅಂದ್ರೆ ನಂಗೆ ಹುಚ್ಚು, 1977ರ 'ರೂಮರ್ಸ್' ಕ್ಯಾಸೆಟ್‌ನ ಟೇಪ್ ಸವೆಯೋವರೆಗೂ ಕೇಳಿದೀನಿ, ಆದ್ರೆ 1979ರ 'ಟಸ್ಕ್' ಮಾತ್ರ ಅರ್ಧಕ್ಕೇ ಬಿಟ್ಟಿದ್ದೆ. ಡಬಲ್ ಆಲ್ಬಂ, 20 ಹಾಡು, ಒಂದಕ್ಕೊಂದು ಸಂಬಂಧಾನೇ ಇಲ್ವಲ್ಲ ಅನ್ಸಿತ್ತು.

ಮೊನ್ನೆ ರಾತ್ರಿ ನಿದ್ದೆ ಬರ್ಲಿಲ್ಲ, ಹೆಡ್‌ಫೋನ್ ಹಾಕ್ಕೊಂಡು 'ಟಸ್ಕ್' ಕೇಳ್ತಾ ಕೂತೆ. ಬ್ಯಾಂಡಿನ ಲಿಂಡ್ಸೆ ಬಕಿಂಗ್‌ಹ್ಯಾಮ್ ಸಿಟ್ಟಲ್ಲಿ ಕಿರುಚಿದಂಗೆ ಹಾಡ್ತಾನೆ, ಹಿಂದೆ ಡಬ್ಬ ಬಡಿದಂಗೆ ಡ್ರಮ್ಸು, ಅದು ಮುಗೀತಿದ್ದಂಗೆ ಕ್ರಿಸ್ಟೀನ್ ಮೆಕ್‌ವೀ ಮೆತ್ತಗೆ ಶುರು ಮಾಡ್ತಾಳೆ. ಆಗ ಕಿರಿಕಿರಿ ಆಗಿದ್ದೇ ಈಗ ಮಜಾ ಕೊಡ್ತಿದೆ ನೋಡಿ (ವಯಸ್ಸಾಯ್ತೇನೋ!). ಟೈಟಲ್ ಹಾಡಲ್ಲಿ ಕಾಲೇಜಿನ ಮಾರ್ಚಿಂಗ್ ಬ್ಯಾಂಡ್ ತುತ್ತೂರಿ ಊದ್ಕೊಂಡು ನುಗ್ಗೋ ಜಾಗ ಇದ್ಯಲ್ಲ, ಅದನ್ನ ನಾಕು ಸಲ ಹಿಂದಕ್ಕೆ ಹೋಗಿ ಕೇಳ್ದೆ. ಶುರುವಿನ ಸಿಡಿಗಳಲ್ಲಿ 'ಸಾರಾ' ಹಾಡನ್ನ ಕತ್ತರಿಸಿ ಹಾಕಿದ್ರು, ಪೂರ್ತಿ ಆರು ನಿಮಿಷದ್ದು ಈಗ ಓಡ್ತಾ ಇದೆ.