ಗೋಡೆಯಾಚೆ ಮಲಗಿದ್ದ ಅಮ್ಮ

ಅಮ್ಮನ ಎರಡೂ ಮಂಡಿಗೆ ಆಪರೇಷನ್ ಆಗಿ ಏಳು ತಿಂಗಳಾಗಿತ್ತು. ಮನೆಯೊಳಗೆ ಚೆನ್ನಾಗಿಯೇ ಓಡಾಡುತ್ತಿದ್ದಳು. ಕಷ್ಟ ಇದ್ದದ್ದು ಕೂರುವುದರಲ್ಲಿ. ಅರ್ಧ ಗಂಟೆ ಮಂಡಿ ಮಡಚಿ ಕೂತರೆ ಸಾಕು, ಏಳುವಾಗ ಕುರ್ಚಿಯ ಕೈ ಹಿಡಿದುಕೊಂಡು ಒಂದು ನಿಮಿಷ ಹಾಗೇ ನಿಲ್ಲಬೇಕು. ಆಮೇಲೆ ಮೊದಲ ಹೆಜ್ಜೆ.

ಅಷ್ಟರಲ್ಲಿ ಟೋಕಿಯೋದಲ್ಲಿರುವ ತಮ್ಮನಿಗೆ ಮಗಳು ಹುಟ್ಟಿದಳು. ಮೊಮ್ಮಗಳನ್ನು ನೋಡಲೇಬೇಕು ಅಂತ ಅಮ್ಮ ಹಟ ಮಾಡಲಿಲ್ಲ. ಅದು ಅವಳ ಸ್ವಭಾವ ಅಲ್ಲ. ದಿನಾ ಸಂಜೆ ವಿಡಿಯೋ ಕಾಲ್ ಮುಗಿದ ಮೇಲೂ ಫೋನನ್ನು ಮಡಿಲಲ್ಲೇ ಇಟ್ಟುಕೊಂಡು ಸುಮ್ನೆ ಕೂತಿರುತ್ತಿದ್ದಳು. ಅದನ್ನು ನಾಲ್ಕು ದಿನ ನೋಡಿದೆ. ಐದನೇ ದಿನ ಟಿಕೆಟ್ ಹುಡುಕೋಕೆ ಕೂತೆ.

ನಾವಿದ್ದದ್ದು ಸಿಂಗಪುರದಲ್ಲಿ. ಅಲ್ಲಿಂದ ಟೋಕಿಯೋಗೆ ಸುಮಾರು 5,300 ಕಿಲೋಮೀಟರ್, ಹತ್ತಿರ ಹತ್ತಿರ ಏಳು ಗಂಟೆಯ ಹಾದಿ. ಡಾಕ್ಟರನ್ನು ಕೇಳಿದರೆ ಹೋಗಬಹುದು ಅಂದರು. ಆದರೆ ನಾಲ್ಕು ಗಂಟೆಗಿಂತ ಜಾಸ್ತಿ ಅಲ್ಲಾಡದೆ ಕೂತರೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಹೆಚ್ಚುತ್ತದೆ, ಬಿಗಿ ಕಾಲುಚೀಲ ಹಾಕಿಸಿ, ಪಾದ ಮೇಲೆ ಕೆಳಗೆ ಆಡಿಸುತ್ತಿರಲಿ ಅಂದರು. ಕೊನೆಗೆ, ಬಾಗಿಲ ಹತ್ತಿರ ಬಂದಾಗ, ‘ಸಾಧ್ಯವಾದರೆ ಕಾಲು ನೀಡಿ ಮಲಗೋ ಸೀಟು ನೋಡಿ’ ಅಂದರು. ಆ ಮಾತು ತಲೆಯಲ್ಲಿ ಕೂತುಬಿಟ್ಟಿತು. ಎಂಟು ವರ್ಷ ಆಫೀಸಿನ ಕೆಲಸಕ್ಕೆ ಅಂತ ಓಡಾಡಿ ಕೂಡಿಟ್ಟ ಮೈಲ್‌ಗಳು, ಅಂದರೆ ದುಡ್ಡಿನ ಬದಲು ಕೊಟ್ಟು ಟಿಕೆಟ್ ಪಡೆಯಬಹುದಾದ ಪಾಯಿಂಟ್‌ಗಳು, ನನ್ನ ಹತ್ತಿರ ಇದ್ದವು. ಯಾತಕ್ಕೆ ಅಂತ ಗೊತ್ತಿಲ್ಲದೆ ಉಳಿಸಿಕೊಂಡಿದ್ದೆ. ಈಗ ಗೊತ್ತಾಯಿತು.

ಹುಡುಕುವಾಗ ಒಂದು ವಿಷಯ ಕಲಿತೆ. ಬಿಸಿನೆಸ್ ಕ್ಲಾಸ್ ಅಂದರೆ ಎಲ್ಲದರಲ್ಲೂ ಹಾಸಿಗೆ ಇರುತ್ತದೆ ಅಂದುಕೊಂಡಿದ್ದೆ. ಹಾಗೇನಿಲ್ಲ. ಏಷ್ಯಾದ ಒಳಗೇ ಹಾರುವ ಎಷ್ಟೋ ವಿಮಾನಗಳಲ್ಲಿ, ಅದರಲ್ಲೂ ನಡುವೆ ಒಂದೇ ಓಣಿ ಇರುವ ಚಿಕ್ಕ ವಿಮಾನಗಳಲ್ಲಿ, ಹಿಂದಕ್ಕೆ ಬಾಗುವ ದೊಡ್ಡ ಕುರ್ಚಿ ಮಾತ್ರ ಇರುತ್ತದೆ. ಕೂರೋಕೆ ಸುಖ, ಮಲಗೋಕೆ ಆಗದು. ಅದಕ್ಕೇ ಟಿಕೆಟ್ ಮಾಡುವ ಮುಂಚೆ ಯಾವ ವಿಮಾನ ಅಂತ ನೋಡಬೇಕು, ಸೀಟ್ ಮ್ಯಾಪ್ ತೆಗೆದು ನೋಡಬೇಕು. ನಾನು ನೋಡಿದ್ದು ಬೋಯಿಂಗ್ 787. ಒಂದು ಸಾಲಿಗೆ ನಾಲ್ಕೇ ಸೀಟು: ಕಿಟಕಿಗೆ ಒಂದು, ಮಧ್ಯೆ ಎರಡು, ಆ ಕಿಟಕಿಗೆ ಒಂದು. ಎಲ್ಲವೂ ಚಪ್ಪಟೆಯಾಗಿ ಹಾಸಿಗೆ ಆಗುವಂಥವು. ಮಧ್ಯದ ಜೋಡಿ ಸೀಟು ಹಿಡಿದೆ. ಅಮ್ಮ ಪಕ್ಕದಲ್ಲೇ ಇರುತ್ತಾಳೆ ಅನ್ನುವ ನೆಮ್ಮದಿ.

ಹೊರಡೋಕೆ ಒಂದು ವಾರ ಇರುವಾಗ ಮೆಸೇಜ್ ಬಂತು. ವಿಮಾನ ಬದಲಾಗಿದೆ, ನಿಮ್ಮ ಸೀಟುಗಳೂ ಬದಲಾಗಿವೆ. ಹೊಸದೂ 787, ಅದರಲ್ಲೂ ಹಾಸಿಗೆಯೇ, ಆದರೆ ಅಮ್ಮನಿಗೆ ಎಡಗಡೆಯ ಕಿಟಕಿ ಕೊಟ್ಟಿದ್ದರು, ನನಗೆ ಓಣಿಯ ಈಚೆ ಮಧ್ಯದ ಸೀಟು. ಫೋನ್ ಮಾಡಿದೆ. ಜೋಡಿ ಸೀಟು ಎಲ್ಲಾ ತುಂಬಿದೆ ಅಂದರು. ಎರಡು ಸಲ ಕೇಳಿಕೊಂಡೆ, ಆಗಲಿಲ್ಲ. ಓಣಿ ಎಷ್ಟು ಅಗಲ ಇರುತ್ತದೆ, ಕೈ ಚಾಚಿದರೆ ಸಿಗುತ್ತಾಳೆ ಅಂತ ಸಮಾಧಾನ ಮಾಡಿಕೊಂಡೆ. ಓಣಿಯ ಎರಡೂ ಬದಿಗೆ ಗೋಡೆ ಇರುತ್ತದೆ ಅನ್ನುವುದು ಆಗ ಹೊಳೆಯಲಿಲ್ಲ.

ಚಾಂಗಿ ಏರ್‌ಪೋರ್ಟಿನಲ್ಲಿ ವೀಲ್‌ಚೇರ್ ತಯಾರಿತ್ತು. ತಳ್ಳಿಕೊಂಡು ಬಂದಾಕೆ ಅಮ್ಮನನ್ನು ‘ಆಂಟಿ, ಆಂಟಿ’ ಅಂತಲೇ ಮಾತಾಡಿಸಿದರು. ಸಿಂಗಪುರದಲ್ಲಿ ವಯಸ್ಸಾದವರನ್ನು ಕರೆಯುವುದೇ ಹಾಗೆ, ನಮಗೆ ಹಿತವಾಗಿ ಕೇಳುತ್ತದೆ. ಲೌಂಜ್‌ನಲ್ಲಿ ಒಂದು ಗಂಟೆ ಕೂತೆವು. ಅದರ ಬಗ್ಗೆ ಹೇಳುವಂಥದ್ದು ಏನಿಲ್ಲ, ಅಮ್ಮನಿಗೆ ಕಾಲಿಡೋಕೆ ಒಂದು ಸ್ಟೂಲ್ ಸಿಕ್ಕಿತು ಅನ್ನುವುದು ಬಿಟ್ಟು. ಚಾಂಗಿಯ ದೊಡ್ಡ ಟರ್ಮಿನಲ್‌ಗಳಲ್ಲಿ ಸೆಕ್ಯುರಿಟಿ ತಪಾಸಣೆ ಇರುವುದು ಗೇಟಿನ ಬಾಗಿಲಲ್ಲೇ. ಅಮ್ಮ ಚೌಕಟ್ಟಿನೊಳಗೆ ಕಾಲಿಟ್ಟ ಕೂಡಲೇ ಅದು ಕೂಗಿಕೊಂಡಿತು. ಮಂಡಿಯೊಳಗಿನ ಲೋಹ. ನಾನು ಆಸ್ಪತ್ರೆಯ ಕಾಗದ ತೆಗೆಯುವಷ್ಟರಲ್ಲಿ ಅಲ್ಲಿದ್ದ ಹೆಂಗಸು ಅಮ್ಮನ ಮಂಡಿಯತ್ತ ಬೆರಳು ತೋರಿಸಿ ತಲೆಯಾಡಿಸಿದರು. ಅಮ್ಮನೂ ತಲೆಯಾಡಿಸಿದಳು. ಕೈಯಲ್ಲಿದ್ದ ಯಂತ್ರದಿಂದ ಒಮ್ಮೆ ನೋಡಿ ಬಿಟ್ಟರು.

ವಿಮಾನ ಹತ್ತಿದ ಮೇಲೆ ಅಮ್ಮ ತನ್ನ ಸೀಟಿನ ಮುಂದೆ ನಿಂತೇ ಇದ್ದಳು. ಗಗನಸಖಿ ಬಂದು ಅವಳ ಕೋಟು ತೆಗೆದುಕೊಂಡರು. ಆಮೇಲೆ ಅಮ್ಮ ಕೂತಾಗ, ಅವರು ನೆಲಕ್ಕೆ ಮಂಡಿಯೂರಿ, ಅಮ್ಮನ ಮುಖದ ಮಟ್ಟಕ್ಕೆ ಬಂದು ಮಾತಾಡಿದರು. ಅದು ಅವರ ಟ್ರೇನಿಂಗ್ ಇರಬಹುದು. ಇದ್ದರೂ ನನಗೆ ತುಂಬಾ ಇಷ್ಟವಾಯಿತು. ಆಪರೇಷನ್ ಆದಮೇಲೆ ಎಲ್ಲರೂ ಅಮ್ಮನ ಜೊತೆ ನಿಂತು, ಮೇಲಿಂದಲೇ ಮಾತಾಡುತ್ತಿದ್ದರು. ನಾನೂ ಅಷ್ಟೇ.

ಅವರು ಒಂದೊಂದೇ ಗುಂಡಿ ತೋರಿಸಿದರು. ಇದನ್ನು ಒತ್ತಿದರೆ ಬೆನ್ನು ಹಿಂದಕ್ಕೆ, ಇದು ಕಾಲಿಗೆ, ಇದನ್ನು ಒತ್ತಿ ಹಿಡಿದರೆ ಪೂರ್ತಿ ಹಾಸಿಗೆ. ಅಮ್ಮನ ಬೆರಳು ಹಿಡಿದು ಒತ್ತಿಸಿದರು. ಸೀಟು ಸಣ್ಣಗೆ ಗುರ್ ಅನ್ನುತ್ತಾ ಮುಂದಕ್ಕೆ ಜಾರಿತು, ಅಮ್ಮನ ಕಾಲು ತಾನಾಗಿ ಮೇಲೆದ್ದಿತು. ಅವಳು ತನ್ನ ಪಾದಗಳನ್ನೇ ನೋಡುತ್ತಿದ್ದಳು. ಕಾಲಿನ ತುದಿ ಹೋಗುವುದು ಮುಂದಿನ ಸೀಟಿನ ಅಡಿಯ ಗೂಡಿನಂಥ ಜಾಗಕ್ಕೆ. ಆ ಗೂಡು ಚಿಕ್ಕದು. ಅಂಗಾತ ಮಲಗಿದರೆ ಸರಿ, ಪಕ್ಕಕ್ಕೆ ಹೊರಳಿ ಮಂಡಿ ಮಡಚುವವರಿಗೆ ಕಷ್ಟ. ಜಾಹೀರಾತಿನ ಫೋಟೋದಲ್ಲಿ ಇದು ಗೊತ್ತಾಗುವುದಿಲ್ಲ. ಅಮ್ಮನಿಗೆ ಹೇಗೂ ಅಂಗಾತವೇ ಮಲಗಬೇಕಿತ್ತು, ಹಾಗಾಗಿ ಅಡ್ಡಿಯಾಗಲಿಲ್ಲ.

‘ಪುಟ್ಟಿ, ನೀನೆಲ್ಲಿ?’ ಅಂದಳು.

‘ಇಲ್ಲೇ ಇದ್ದೀನಮ್ಮ, ಓಣಿಯ ಈಚೆ.’

‘ಕಾಣಲ್ವಲ್ಲ.’

ಕಾಣುತ್ತಿರಲಿಲ್ಲ. ನನ್ನ ಸೀಟಿನಲ್ಲಿ ಕೂತು ನೋಡಿದೆ. ಅವಳ ಸೀಟಿನ ಸುತ್ತ ಹೆಗಲೆತ್ತರದ ಗೋಡೆ, ನನ್ನ ಸೀಟಿನ ಸುತ್ತಲೂ ಅಂಥದ್ದೇ. ಮುಂದಕ್ಕೆ ಬಗ್ಗಿದರೆ ಅವಳ ಮೊಣಕೈ ಮಾತ್ರ ಕಾಣಿಸಿತು.

ಊಟ ಬಂತು. ಎರಡು ದಿನ ಮುಂಚೆಯೇ ಹೇಳಿಟ್ಟಿದ್ದ ಸಸ್ಯಾಹಾರ. ಅಮ್ಮನಿಗೆ ರುಚಿ ಹತ್ತಲಿಲ್ಲ. ಉಪ್ಪೇ ಹಾಕಿಲ್ಲ ಅಂದಳು. ಹಾಕಿರುತ್ತಾರೆ. ವಿಮಾನದೊಳಗಿನ ಗಾಳಿ ಒಣಗಿರುತ್ತದೆ, ಇಂಜಿನ್ನಿನ ಸದ್ದು ಬೇರೆ, ಎರಡೂ ಸೇರಿ ನಾಲಿಗೆಗೆ ಉಪ್ಪು, ಸಿಹಿ ಎರಡೂ ಮಂಕಾಗುತ್ತವೆ. ಟೊಮೇಟೊ ಜ್ಯೂಸ್ ಮಾತ್ರ ಮೇಲೆ ಹೋದಷ್ಟೂ ರುಚಿ ಅನ್ನುತ್ತಾರೆ. ತರಿಸಿಕೊಟ್ಟೆ. ಎರಡು ಲೋಟ ಕುಡಿದಳು.

ರಾತ್ರಿ ಹನ್ನೊಂದಕ್ಕೆ ಹೊರಡುವ ಏಳು ಗಂಟೆಯ ಹಾದಿಯಲ್ಲಿ ಇದೊಂದು ಸಮಸ್ಯೆ. ಊಟ ಮುಗಿಯುವಾಗ ಒಂದೂವರೆ ಗಂಟೆ ಹೋಗಿರುತ್ತದೆ. ಇಳಿಯುವ ಎರಡು ಗಂಟೆ ಮುಂಚೆ ತಿಂಡಿಗೆ ದೀಪ ಹಾಕುತ್ತಾರೆ. ನಡುವೆ ಉಳಿಯುವುದು ಮೂರೂವರೆ ಗಂಟೆ. ಅದರಲ್ಲೂ ಚಳಿಗಾಲದಲ್ಲಿ ಜಪಾನಿನ ಕಡೆ ಬೀಸುವ ಜೆಟ್ ಸ್ಟ್ರೀಮ್ ಅನ್ನುವ ಜೋರು ಗಾಳಿ ಹಿಂದಿನಿಂದ ತಳ್ಳುವುದರಿಂದ ಹೋಗುವಾಗ ಸಮಯ ಇನ್ನೂ ಕಡಿಮೆ. ನಾನು ಕೊಟ್ಟ ಅಷ್ಟೂ ಮೈಲ್ ಈ ಮೂರೂವರೆ ಗಂಟೆಗೆ ಅಂತ ಆಗಲೇ ಲೆಕ್ಕ ಹಾಕಿದ್ದೆ. ಹಾಗಾಗಿ ಬೆಳಗಿನ ತಿಂಡಿ ಬೇಡ, ಅಮ್ಮನನ್ನು ಎಬ್ಬಿಸಬೇಡಿ ಅಂತ ಮೊದಲೇ ಹೇಳಿಬಿಟ್ಟೆ. ಗಗನಸಖಿ ಇನ್ನೊಂದು ಮಾತು ಹೇಳಿದರು. ಬೆಲ್ಟನ್ನು ಕಂಬಳಿಯ ಮೇಲೆ ಹಾಕಿಕೊಳ್ಳಿ. ಒಳಗೆ ಹಾಕಿಕೊಂಡರೆ, ವಿಮಾನ ಕುಲುಕಿದಾಗ ಹಾಕಿದ್ದೀರೋ ಇಲ್ಲವೋ ನೋಡೋಕೆ ಎಬ್ಬಿಸಬೇಕಾಗುತ್ತದೆ. ನಾನೇ ಹೋಗಿ ಅಮ್ಮನ ಕಂಬಳಿ ಎದೆವರೆಗೆ ಎಳೆದು, ಮೇಲಿಂದ ಬೆಲ್ಟ್ ಹಾಕಿ, ಬಕಲ್ ಕಾಣುವ ಹಾಗೆ ತಿರುಗಿಸಿ ಬಂದೆ.

ದೀಪ ಆರಿತು. 787ರಲ್ಲಿ ಕಿಟಕಿಗೆ ಎಳೆಯುವ ಪರದೆ ಇಲ್ಲ, ಗಾಜೇ ಕಡುನೀಲಿಯಾಗಿ ಕಪ್ಪಾಗುತ್ತದೆ. ಒಳಗಿನ ಗಾಳಿಯ ಒತ್ತಡವೂ ಹಳೆಯ ವಿಮಾನಗಳಿಗಿಂತ ಹಿತ. ಅಲ್ಲಿ 8,000 ಅಡಿ ಬೆಟ್ಟದ ಮೇಲೆ ಇದ್ದ ಹಾಗೆ, ಇಲ್ಲಿ 6,000 ಅಡಿ. ತಲೆ ಭಾರ ಆಗಲಿಲ್ಲ. ಹಾಸಿಗೆ ನನಗೂ ಇತ್ತು, ದಿಂಬು ಮೆತ್ತಗಿತ್ತು. ಆದರೂ ಕಣ್ಣಿಗೆ ಕಣ್ಣು ಹತ್ತಲಿಲ್ಲ.

ಮೂರು ವರ್ಷದ ಹಿಂದೆ ಅಮ್ಮ, ನಾನು ಎಕಾನಮಿಯಲ್ಲಿ ಐದು ಗಂಟೆ ಹಾರಿದ್ದೆವು. ಅವಳ ತಲೆ ಪೂರ್ತಿ ನನ್ನ ಹೆಗಲ ಮೇಲೆ. ಕೈ ಜೋಮು ಹಿಡಿದರೂ ಅಲ್ಲಾಡಿಸಿರಲಿಲ್ಲ. ಅವಳು ನಿದ್ದೆಯಲ್ಲಿ ನರಳಿದರೆ ಗೊತ್ತಾಗುತ್ತಿತ್ತು, ಕೆಮ್ಮಿದರೆ ನೀರು ಕೊಡುತ್ತಿದ್ದೆ. ಈಗ ಮೂರಡಿ ದೂರದಲ್ಲಿ ಅವಳು ಕಾಲು ನೀಡಿ ಮಲಗಿದ್ದಾಳೆ, ಒಂದು ಸದ್ದೂ ನನಗೆ ಕೇಳುವುದಿಲ್ಲ. ಎದ್ದು ಹೋಗಿ ನೋಡಿದೆ. ನಿದ್ದೆ ಮಾಡುತ್ತಿದ್ದಳು. ವಾಪಸ್ ಬಂದೆ. ಹತ್ತು ನಿಮಿಷ ಬಿಟ್ಟು ಮತ್ತೆ ಹೋದೆ. ಮೂರನೇ ಸಲ ಹೋದಾಗ ಕಂಬಳಿ ಏರಿ ಇಳಿಯುವುದನ್ನು ನೋಡುತ್ತಾ ನಿಂತೆ. ಚಿಕ್ಕವಳಿದ್ದಾಗ ನನ್ನನ್ನು ಅವಳು ಹೀಗೇ ನೋಡಿರಬೇಕು, ಅಲ್ವಾ. ನಾಲ್ಕನೇ ಸಲ ಏಳುವ ಹೊತ್ತಿಗೆ ವಿಮಾನ ಕುಲುಕತೊಡಗಿತು. ಮ್ಯಾಪಿನಲ್ಲಿ ಜಪಾನಿನ ದಕ್ಷಿಣದ ಒಕಿನಾವಾ ದ್ವೀಪದ ಹತ್ತಿರ ಇದ್ದೆವು. ಬೆಲ್ಟ್ ದೀಪ ಹತ್ತಿತು. ಏಳುವ ಹಾಗಿಲ್ಲ.

ಒಂದು ದೊಡ್ಡ ಜೋಲಿ ಹೊಡೆಯಿತು. ಮೇಲಿನ ಕಪಾಟುಗಳು ಕಟಕಟ ಅಂದವು. ಅಮ್ಮ ಗಾಬರಿಯಾಗಿ ಎದ್ದು ಕೂತಿದ್ದಾಳೋ, ಇಳಿಯೋಕೆ ಹೋಗಿ ಮಂಡಿ ತಗುಲಿಸಿಕೊಂಡಳೋ, ಏನೂ ತಿಳಿಯದು. ‘ಅಮ್ಮ’ ಅಂದೆ. ಇಂಜಿನ್ನಿನ ಸದ್ದಿನಲ್ಲಿ ನನಗೇ ಕೇಳಲಿಲ್ಲ.

ಆಗ ಓಣಿಯ ಮುಂದಿನ ತುದಿಯಲ್ಲಿ ಒಂದು ಚಿಕ್ಕ ಟಾರ್ಚ್ ಬೆಳಕು ಕಂಡಿತು. ಅದೇ ಗಗನಸಖಿ. ಒಂದು ಕೈಯಲ್ಲಿ ಸೀಟುಗಳ ಅಂಚು ಹಿಡಿದುಕೊಂಡು, ಇನ್ನೊಂದು ಕೈಯಲ್ಲಿ ಟಾರ್ಚ್ ತಗ್ಗಿಸಿ, ಒಬ್ಬೊಬ್ಬರ ಸೊಂಟದ ಹತ್ತಿರ ಮಾತ್ರ ಬೆಳಕು ಬೀಳುವ ಹಾಗೆ ನೋಡುತ್ತಾ ಬರುತ್ತಿದ್ದರು. ಒಬ್ಬರ ಹತ್ತಿರ ನಿಂತು ಮೆಲ್ಲಗೆ ತಟ್ಟಿ ಎಬ್ಬಿಸಿದರು. ಬೆಲ್ಟ್ ಕಂಡಿರಲಿಲ್ಲ ಅನಿಸುತ್ತದೆ. ಆಮೇಲೆ ಅಮ್ಮನ ಸೀಟು. ಗೋಡೆಯ ಅಂಚಿನ ಮೇಲೆ ಬೆಳಕು ಚೂರು ಹರಡಿತು. ನಾನು ಉಸಿರು ಬಿಗಿಹಿಡಿದು ಆ ಅಂಚನ್ನೇ ನೋಡುತ್ತಿದ್ದೆ. ಒಂದು ಕ್ಷಣ ನಿಂತಿತು. ಕೆಳಗೆ ಹೋಯಿತು, ಕಾಲಿನ ಕಡೆ. ಮತ್ತೆ ಮೇಲೆ ಬಂತು. ಆಮೇಲೆ ಮುಂದೆ ಸರಿಯಿತು.

ತಟ್ಟಿ ಎಬ್ಬಿಸಲಿಲ್ಲ. ಅಂದರೆ ಬೆಲ್ಟ್ ಇದ್ದ ಜಾಗದಲ್ಲೇ ಇದೆ. ಅಮ್ಮ ಇಷ್ಟು ಕುಲುಕಾಟದಲ್ಲೂ ಮಲಗೇ ಇದ್ದಾಳೆ.

ನನ್ನ ಹತ್ತಿರ ಬಂದಾಗ ನಾನು ಎಚ್ಚರ ಇರುವುದನ್ನು ಅವರು ನೋಡಿದರು. ಅಮ್ಮನ ಕಡೆ ತಲೆ ತಿರುಗಿಸಿ, ಕೆನ್ನೆಗೆ ಅಂಗೈ ಆನಿಸಿ ತೋರಿಸಿದರು. ನಿದ್ದೆ. ನನಗೆ ಕಣ್ಣು ತುಂಬಿ ಬಂತು. ಕತ್ತಲೆಯಲ್ಲಿ ಅವರಿಗೆ ಕಂಡಿತೋ ಇಲ್ಲವೋ. ಆಮೇಲೆ ನಾನೂ ಮಲಗಿದೆ. ಒಂದೂವರೆ ಗಂಟೆ ಮಲಗಿರಬೇಕು, ಆದರೆ ಅಷ್ಟು ಗಾಢ ನಿದ್ದೆ ಆ ವರ್ಷದಲ್ಲಿ ನನಗೆ ಬಂದಿರಲಿಲ್ಲ.

ಎಚ್ಚರವಾದಾಗ ಕಿಟಕಿಗಳ ನೀಲಿ ತಿಳಿಯಾಗುತ್ತಿತ್ತು. ಇಳಿಯೋಕೆ ಸೀಟುಗಳನ್ನು ನೇರ ಮಾಡಿಸುತ್ತಿದ್ದರು. ಮುಂದಕ್ಕೆ ಬಗ್ಗಿ ನೋಡಿದರೆ ಅಮ್ಮನೂ ಬಗ್ಗಿ ನನ್ನನ್ನೇ ಹುಡುಕುತ್ತಿದ್ದಳು. ತಲೆಗೂದಲು ಒಂದು ಕಡೆ ಚಪ್ಪಟೆಯಾಗಿತ್ತು.

‘ಬೆಟ್ಟ ನೋಡಿದ್ಯಾ?’ ಅಂದಳು. ಅವಳ ಹಿಂದೆ, ಕಿಟಕಿಯ ಮೂಲೆಯಲ್ಲಿ, ಫ್ಯೂಜಿಯ ನೆತ್ತಿ ಇತ್ತು. ಹಿಮದ ಮೇಲೆ ತೆಳು ಗುಲಾಬಿ ಬೆಳಕು. 3,776 ಮೀಟರಿನ ಬೆಟ್ಟ, ಮೇಲಿಂದ ನೋಡಿದರೆ ಒಂದು ಮಡಿಕೆ ಕವುಚಿ ಇಟ್ಟಂತೆ ಕಾಣುತ್ತಿತ್ತು. ನನಗೆ ಅರ್ಧ ಕಂಡಿತು. ಅವಳಿಗೆ ಪೂರ್ತಿ ಕಂಡಿತು. ಅವಳ ಸೀಟು ಕಿಟಕಿಗೆ ಹೋಗಿದ್ದರ ಬಗ್ಗೆ ಒಂದು ವಾರ ಇದ್ದ ಬೇಜಾರು ಅಲ್ಲಿಗೆ ಹೋಯಿತು.

‘ನಿದ್ದೆ ಬಂತಾ ಅಮ್ಮ?’

‘ಆಪರೇಷನ್ ಆದಮೇಲೆ ಇಷ್ಟು ಹೊತ್ತು ಒಂದೇ ಸಮ ಮಲಗಿರಲಿಲ್ಲ ಕಣೆ. ವಿಮಾನ ಕುಲುಕಿತಾ? ಯಾರೋ ಹೇಳ್ತಿದ್ರು.’

ಟೋಕಿಯೋದ ಹಾನೇಡಾ ಏರ್‌ಪೋರ್ಟಿನಲ್ಲಿ ಬಾಗಿಲು ತೆರೆದಾಗ ಅವಳನ್ನು ಕೈ ಹಿಡಿದು ಎಬ್ಬಿಸೋಕೆ ಅಂತ ಓಣಿ ದಾಟಿ ಹೋದೆ. ಅಷ್ಟರಲ್ಲಿ ಅವಳೇ ಎದ್ದಿದ್ದಳು. ಅಭ್ಯಾಸಕ್ಕೆ ಗೋಡೆಯ ಅಂಚಿಗೆ ಕೈ ಹಾಕಿದ್ದಳು. ಒಂದು ನಿಮಿಷ ನಿಲ್ಲುತ್ತಾಳೆ ಅಂತ ನಾನು ಕಾದೆ. ನಿಲ್ಲಲಿಲ್ಲ. ಕೈ ಬಿಟ್ಟು ಹೆಜ್ಜೆ ಇಟ್ಟಳು.

ಬಾಗಿಲಲ್ಲಿ ವೀಲ್‌ಚೇರ್ ಕಾಯುತ್ತಿತ್ತು. ಕೂತಳು, ಇಮಿಗ್ರೇಷನ್ ದಾಟಿದೆವು, ಸಾಮಾನು ತೆಗೆದುಕೊಂಡೆವು. ಹೊರಗಿನ ಗಾಜಿನ ಬಾಗಿಲು ಸರಿದಾಗ ತಮ್ಮ ಕಂಡ, ಎದೆಗೆ ಕಟ್ಟಿಕೊಂಡ ಚೀಲದಲ್ಲಿ ಕೂಸಿನ ಟೋಪಿ ಮಾತ್ರ ಕಾಣುತ್ತಿತ್ತು. ಅವನು ಹತ್ತು ಹೆಜ್ಜೆ ದೂರ ಇರುವಾಗ ಅಮ್ಮ ಕೈ ಎತ್ತಿ ವೀಲ್‌ಚೇರ್ ನಿಲ್ಲಿಸಲು ಹೇಳಿದಳು.