ಕಡಲಿನ ಉಪಗ್ರಹ ಪಾಠ ಬೋಟಿನಲ್ಲೇ ಶುರುವಾಗಲಿ

ಉಪಗ್ರಹದ ಮೂಲಕ ಕಡಲನ್ನು ಓದುವುದು ಕಲಿಯಬೇಕು ಅಂತ ಬರುವ ಹುಡುಗ ಹುಡುಗಿಯರ ಮುಂದೆ ನಾವು ಮೊದಲು ಇಡುವುದು ಕಂಪ್ಯೂಟರ್. ಉಪಗ್ರಹದ ಡೇಟಾವನ್ನು ಮ್ಯಾಪ್ ಮಾಡುವ ನಾಸಾದ ಸೀಡಾಸ್ ಸಾಫ್ಟ್‌ವೇರ್ ಉಚಿತ, ಡೇಟಾ ಕೂಡ ಉಚಿತ, ಸ್ವಲ್ಪ ದಿನದಲ್ಲೇ ಅರಬ್ಬಿ ಸಮುದ್ರದ ಕ್ಲೋರೊಫಿಲ್ (ಸೂಕ್ಷ್ಮ ಪಾಚಿಯಲ್ಲಿರುವ ಹಸಿರು) ಮ್ಯಾಪ್ ಬಣ್ಣಬಣ್ಣವಾಗಿ ಪರದೆ ಮೇಲೆ ಬಂದುಬಿಡುತ್ತದೆ. ಅದನ್ನು ಎಷ್ಟು ನಂಬಬಹುದು ಅಂತ ಯಾರೂ ಕೇಳುವುದಿಲ್ಲ. ನನಗೆ ಬೇಜಾರಾಗುವುದು ಅಲ್ಲೇ.

ಮಂಗಳೂರಿನಲ್ಲಿ ಕಲಿಯುವವರಿಗೆ ಬೆಂಗ್ರೆಯ ಅಳಿವೆಗಿಂತ ಒಳ್ಳೆಯ ಕ್ಲಾಸ್‌ರೂಮ್ ಬೇಕಾ? ನೇತ್ರಾವತಿ, ಗುರುಪುರ ಎರಡೂ ಹೊಳೆ ಅಲ್ಲಿ ಕಡಲು ಸೇರುತ್ತವೆ. ಹೊಳೆ ತುಂಬಿದಾಗ ಮಣ್ಣು, ಕೊಳೆತ ಎಲೆಯ ಹಳದಿ ಬಣ್ಣ ಎಲ್ಲ ಜೊತೆಗೆ ಬರುತ್ತವೆ. ಸಾಮಾನ್ಯವಾಗಿ ಬಳಸುವ ಕ್ಲೋರೊಫಿಲ್ ಸೂತ್ರ ನೀರಿನಿಂದ ಬರುವ ನೀಲಿ ಮತ್ತು ಹಸಿರು ಬೆಳಕನ್ನು ಹೋಲಿಸುತ್ತದೆ, ನೀಲಿ ಕಡಿಮೆಯಾದರೆ ಸೂಕ್ಷ್ಮ ಪಾಚಿ ಜಾಸ್ತಿ ಅನ್ನುತ್ತದೆ. ಆದರೆ ಆ ಹಳದಿ ಬಣ್ಣವೂ ನೀಲಿಯನ್ನು ಹೀರುತ್ತದಲ್ವಾ? ಹಾಗಾಗಿ ಇಲ್ಲದ ಪಾಚಿ ಮ್ಯಾಪಿನಲ್ಲಿ ಕಾಣಿಸುತ್ತದೆ. ಸಾಲದ್ದಕ್ಕೆ, ಉಪಗ್ರಹಕ್ಕೆ ತಲುಪುವ ಬೆಳಕಿನಲ್ಲಿ ನೂರಕ್ಕೆ ಸುಮಾರು 90 ಭಾಗ ಗಾಳಿಯಿಂದ ಚದುರಿ ಬಂದದ್ದು. ನೀರಿನ ಸುದ್ದಿ ಇರುವುದು ಉಳಿದ ಚೂರಿನಲ್ಲಿ.

ಆದ್ದರಿಂದ ಬೋಟ್ ಹತ್ತಿಸಿ. 2022ರಲ್ಲಿ ಹಾರಿಸಿದ, ಕಡಲಿನ ಬಣ್ಣ ನೋಡುವ ಇಸ್ರೋ ಉಪಗ್ರಹ ಓಷನ್‌ಸ್ಯಾಟ್-3 ನಮ್ಮ ಮೇಲೆ ಹಾದುಹೋಗುವ ಹೊತ್ತಿನ ಆಸುಪಾಸಿನಲ್ಲೇ ನೀರು ತೆಗೆಯಬೇಕು. ನೀರು ಎಷ್ಟು ತಿಳಿ ಅಂತ ನೋಡುವ ಸೆಕಿ ತಟ್ಟೆ ಇಳಿಸಿ ಎಷ್ಟು ಆಳದಲ್ಲಿ ಮರೆಯಾಯಿತು ಅಂತ ಬರೆದುಕೊಳ್ಳಬೇಕು. ನೀರನ್ನು ಸೋಸಿ, ಫಿಲ್ಟರನ್ನು ಬೆಳಕು ತಾಗದ ಹಾಗೆ ಐಸ್‌ನಲ್ಲಿಟ್ಟು ತಂದು, ಲ್ಯಾಬ್‌ನಲ್ಲಿ ಅಸಿಟೋನ್ ಹಾಕಿ ಕ್ಲೋರೊಫಿಲ್ ಅಳೆಯಬೇಕು. ಒಂದು ಬಾಟಲಿ ನೀರನ್ನು ಒಂದು ಚದರ ಕಿಲೋಮೀಟರಿನ ಪಿಕ್ಸೆಲ್ ಜೊತೆ ಹೋಲಿಸುವುದು ಎಷ್ಟು ಕಷ್ಟ ಅಂತ ಆಗ ಕೈಗೇ ಗೊತ್ತಾಗುತ್ತದೆ. ಮಲ್ಪೆಯ ತಾಂಡೇಲರ (ಮೀನುಗಾರಿಕೆ ಬೋಟ್ ನಡೆಸುವವರ) ಹತ್ತಿರವೂ ಕೂತು ಮಾತಾಡಲಿ. ಹೈದರಾಬಾದಿನ ಕಡಲ ಮಾಹಿತಿ ಸಂಸ್ಥೆ ಇನ್‌ಕಾಯಿಸ್ ಕೊಡುವ ಮೀನು ಸಿಗುವ ಜಾಗದ ಮಾಹಿತಿ ಕೊನೆಗೆ ತಲುಪಬೇಕಾದದ್ದು ಅವರಿಗೇ.

ಇನ್ನು ಮಳೆಗಾಲ. ನಮ್ಮ ಕರಾವಳಿಯಲ್ಲಿ ಅಡಿಯ ತಂಪು ನೀರು ಮೇಲೆದ್ದು ಪಾಚಿಗೆ ಗೊಬ್ಬರ ಸಿಗುವುದು, ಬೂತಾಯಿ ಮೀನಿಗೆ ಮೇವಾಗುವುದು ಆಗಲೇ. ಮೋಡ ಮುಚ್ಚಿ ಬಣ್ಣ ನೋಡುವ ಉಪಗ್ರಹಕ್ಕೆ ಏನೂ ಕಾಣದಿರುವುದೂ ಆಗಲೇ! ಮೈಕ್ರೋವೇವ್ ಸೆನ್ಸರ್ ಮೋಡದಾಚೆಯಿಂದಲೂ ನೀರಿನ ಬಿಸಿ ಅಳೆಯುತ್ತದೆ, ಆದರೆ ಅದರ ಪಿಕ್ಸೆಲ್ ಹತ್ತಾರು ಕಿಲೋಮೀಟರ್ ಅಗಲ, ದಡದ ಹತ್ತಿರ ಉಪಯೋಗಕ್ಕೆ ಬರುವುದಿಲ್ಲ. ಜುಲೈ ತಿಂಗಳ ಸರಾಸರಿ ಅಂತ ಚೆಂದದ ಮ್ಯಾಪ್ ತೋರಿಸಿದರೆ ನಾನು ಮೊದಲು ಕೇಳುವುದು, ಇದರಲ್ಲಿ ಮೋಡವಿಲ್ಲದ ದಿನ ಎಷ್ಟಿತ್ತು ಅಂತ. ಆ ಲೆಕ್ಕ ತೆಗೆಯುವುದನ್ನು ಮೊದಲ ವಾರದಲ್ಲೇ ಕಲಿಸಬೇಕು.

ಪ್ರಾಜೆಕ್ಟ್ ಬರೆಯುವ ಗೈಡ್‌ಗಳಲ್ಲಿ ಒಂದು ವಿನಂತಿ. ಕಂಪ್ಯೂಟರಿಗೆ ದುಡ್ಡು ಕೇಳುವಾಗ ಬೋಟಿನ ಬಾಡಿಗೆ, ಡೀಸೆಲ್ ಖರ್ಚನ್ನೂ ಬಜೆಟ್‌ನಲ್ಲಿ ಸೇರಿಸಿ. ಡಿಸೆಂಬರ್, ಜನವರಿಯಲ್ಲಿ ಆಕಾಶ ತಿಳಿಯಾಗಿರುತ್ತದೆ, ಕಡಲೂ ಶಾಂತ. ಹೊಸಬರನ್ನು ಕರೆದುಕೊಂಡು ಹೋಗಲು ಅದೇ ಸರಿಯಾದ ಸಮಯ.